ಊರಾಗ ಮನಿ ಅದ

ಬೆಂಕಿ ಆರಿ ಮೂರು ದಿನವಾದರೂ ಖಾಣವಸ್ತಿ ಎಂಬ ಗುಡಿಸಲು ಕೇರಿಯ ನೆಲದ ಬಿಸಿ ಚಪ್ಪಲಿ ದಾಟಿ ಕಾಲಿಗೆ ತಾಗುತ್ತಿತ್ತು. ಪ್ಲಾಸ್ಟಿಕ್ ಕೊಡಗಳು ಕರಗಿ ನೆಲಕ್ಕೆ ಅಂಟಿಕೊಂಡಿದ್ದವು. ಡಬ್ಬಿಯೊಳಗಿನ ಜೋಳ ಮೊದಲು ಅರಳಾಗಿ, ಆಮೇಲೆ ಇದ್ದಿಲಾಗಿತ್ತು. ಸ್ಟೀಲಿನ ತಾಟುಗಳು ನೀಲಿ ಬಣ್ಣಕ್ಕೆ ತಿರುಗಿದ್ದವು. ನಿಗಡಿಯಿಂದ ದೇಹೂ ರೋಡಿಗೆ ಹೋಗುವ ದಾರಿಯ ಮಗ್ಗುಲಲ್ಲಿ, ಕಲ್ಲು ತೆಗೆದು ಬಿಟ್ಟ ಹಳೆಯ ಗಣಿಯ ದಂಡೆಗೆ ನೂರಾ ಅರವತ್ತೊಂದು ಗುಡಿಸಲುಗಳಿದ್ದವು. ಒಂದೂ ಉಳಿದಿರಲಿಲ್ಲ. ಅದು ೨೦೦೧ರ ಮಾರ್ಚ್ ತಿಂಗಳು.

ಒಬ್ಬ ಹೆಂಗಸು ಉಸುಕು ಸಾಣಿಸುವ ದೊಡ್ಡ ಜರಡಿಯನ್ನು ಓರೆಯಾಗಿ ನಿಲ್ಲಿಸಿ, ಸಲಿಕೆಯಿಂದ ಬೂದಿ ಎತ್ತಿ ಅದಕ್ಕೆ ಎಸೆಯುತ್ತಿದ್ದಳು. ನಾನು ಹತ್ತಿರ ಹೋಗಿ ಕನ್ನಡದಲ್ಲೇ ಕೇಳಿದೆ.

"ಏನು ಹುಡಕ್ತೀಯವಾ?"

ಅವಳು ತಿರುಗಿ ನೋಡಿದಳು. ಕನ್ನಡ ಕೇಳಿ ಮುಖ ಸ್ವಲ್ಪ ಸಡಿಲವಾಯಿತು.

"ರೇಶನ್ ಕಾರ್ಡ ಇಟ್ಟ ಡಬ್ಬಿ ಸಿಕ್ಕದರಿ. ಒಳಗ ಬರೇ ಬೂದಿ ಅದ. ಅದಕ್ಕ ಬೂದ್ಯಾಗ ಕಾರ್ಡ ಸಿಗ್ತದೇನಂತ ನೋಡ್ಲಿಕ್ಕತ್ತೀನಿ."

ಹೀಗೆ ಹೇಳಿ ನಕ್ಕಳು. ಅವಳೇ ಯಮನವ್ವ. ಆಳಂದ ಕಡೆಯವಳು. ಗಂಡ ಅಂಬಾರಾಯ ಗೋಡೆ ಕಟ್ಟುವ ಗೌಂಡಿ, ಅವಳು ಅವನ ಕೈಕೆಳಗೆ ಕಲ್ಲು ಗಾರೆ ಹೊರುವವಳು. ಅತ್ತೆ ಶಿವಗಂಗವ್ವ ಅಲ್ಲೇ ಒಂದು ಸುಟ್ಟ ಟ್ರಂಕಿನ ಮೇಲೆ ಕುಳಿತಿದ್ದಳು.

ನಾನು ಧಾರವಾಡದಲ್ಲಿ ಬಿ.ಎ. ಓದಿದವಳು. ಮೂವತ್ತೊಂದು ವರ್ಷ ನಿಗಡಿಯ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾಗಿದ್ದೆ. ಕನ್ನಡ, ಮರಾಠಿ ಎರಡೂ ಬರುತ್ತವೆ ಎಂದು ಆಸರಾ ಎಂಬ ಟ್ರಸ್ಟಿನವರು ನನ್ನನ್ನು ಕರೆಸಿಕೊಂಡಿದ್ದರು. ಅವರ ಅಧಿಕಾರಿ ಮಧುಕರರಾವ್ ಎಲ್ಲರ ಮುಂದೆ ನಿಂತು ಹೇಳಿದ್ದರು: "ಇಲ್ಲೇ ಮನೆ ಕಟ್ಟುತ್ತೇವೆ. ತಗಡಿನ ಶೆಡ್ ಅಲ್ಲ. ಈ ಗಣಿಯದೇ ಮಣ್ಣು, ಇದರದೇ ಕಲ್ಲುಪುಡಿ. ಅಚ್ಚಿನಲ್ಲಿ ಒತ್ತಿದ ಮಣ್ಣಿನ ಬ್ಲಾಕ್. ಬೇಸಿಗೆಯಲ್ಲಿ ತಂಪು, ಖರ್ಚು ಅರ್ಧ, ಬೆಂಕಿಗೆ ಹೆದರಬೇಕಿಲ್ಲ. ಒಂದೊಂದು ಮನೆಯಿಂದ ಒಬ್ಬರು ಅರವತ್ತು ದಿನ ಬಂದು ದುಡಿಯಬೇಕು, ಅಷ್ಟೆ."

ಅದಕ್ಕೆ ಮೊದಲು ಅರ್ಜಿ ತುಂಬಬೇಕಿತ್ತು. ಎರಡು ಮೇಜು ಹಾಕಿದ್ದರು. ಮರಾಠಿಯವರ ಮೇಜಿಗೆ ನಾಲ್ಕು ಜನ ಕಾಲೇಜು ಹುಡುಗಿಯರು. ಕನ್ನಡದವರ ಮೇಜಿಗೆ ನಾನೊಬ್ಬಳು. ನಾನು ಕುಳಿತುಕೊಳ್ಳುವ ಮೊದಲು ಯಮನವ್ವ ತನ್ನ ಸೆರಗಿನಿಂದ ಕುರ್ಚಿಯ ಮೇಲಿನ ಬೂದಿ ಒರೆಸಿದಳು. ಅವಳ ಬಳಿ ಇದ್ದದ್ದು ಆ ಒಂದೇ ಸೀರೆ.

ಅರ್ಜಿ ಮರಾಠಿಯಲ್ಲಿತ್ತು. ಹೆಸರು, ವಯಸ್ಸು, ಎಷ್ಟು ವರ್ಷದಿಂದ ಇಲ್ಲಿದ್ದೀರಿ, ಎಲ್ಲ ಕೇಳಿ ಬರೆದೆ. ಹದಿನಾಲ್ಕನೆಯ ಪ್ರಶ್ನೆ ಬೇರೆಲ್ಲಾದರೂ ಸ್ವಂತ ಮನೆ ಇದೆಯೇ ಎಂಬುದು. ನಾನು ಅದನ್ನು ನಮ್ಮ ಮಾತಿನಲ್ಲಿ ಕೇಳಿದೆ.

"ಊರಾಗ ಮನಿ ಅದ ಏನು?"

"ಅದರಿ," ಎಂದಳು ಯಮನವ್ವ.

ಶಿವಗಂಗವ್ವ ಟ್ರಂಕಿನ ಮೇಲಿಂದಲೇ ಕೂಗಿ ಹೇಳಿದಳು: "ಐದಂಕಣದ ಮನಿ ಅಂತ ಬರಿಯವಾ. ಬರೇ ಮನಿ ಅನಬ್ಯಾಡ."

"ಯಾರಿರ್ತಾರ ಅಲ್ಲಿ?"

"ದೇವರಿರ್ತಾನ," ಎಂದ ಅಂಬಾರಾಯ. "ಅವ ಬಾಡಿಗಿ ಕೊಡಂಗಿಲ್ರಿ."

ಸರದಿಯಲ್ಲಿ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ನಗುತ್ತಲೇ ಹದಿನಾಲ್ಕನೆಯ ಸಾಲಿನಲ್ಲಿ 'ಆಹೇ' ಎಂದು ಬರೆದೆ. ಇದೆ.

ಆ ದಿನ ನಲವತ್ತೊಂದು ಅರ್ಜಿ ತುಂಬಿದೆ. ನಲವತ್ತೊಂದು ಜನರೂ ಅದ ಎಂದರು. ಕೆಲವರು ಎದೆ ಮುಂದೆ ಮಾಡಿ ಹೇಳಿದರು. ನಮ್ಮ ಕಡೆ ಊರಲ್ಲಿ ಮನೆ ಇಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ವಂಶ ಮುಗಿದವರ ಬಗ್ಗೆ ಆಡುವ ಮಾತು. ಹೆಣ್ಣು ಕೊಡುವವರು ಮೊದಲು ಕೇಳುವುದು ಅದನ್ನೇ. ಗೋಡೆ ಬಿದ್ದಿರಲಿ, ಬಾಗಿಲು ಕಳ್ಳರು ಒಯ್ದಿರಲಿ, ಮನೆ ಇದೆ ಎಂದೇ ಹೇಳಬೇಕು. ಇದು ನನಗೆ ಗೊತ್ತಿರಲಿಲ್ಲವೆಂದು ಹೇಳಿಕೊಳ್ಳಲಾರೆ. ನಾನು ಆ ಮಾತಿನಲ್ಲೇ ಬೆಳೆದವಳು. ಬೇರೆ ಕಡೆ ಮನೆ ಇದ್ದವರಿಗೆ ಇಲ್ಲಿ ಮನೆ ಸಿಗುವುದಿಲ್ಲ ಎಂಬ ನಿಯಮವೂ ಗೊತ್ತಿತ್ತು. ಟ್ರಸ್ಟಿನವರು ಕೊಟ್ಟ ಹಾಳೆಯನ್ನು ಹಿಂದಿನ ದಿನವೇ ಓದಿದ್ದೆ. ಆದರೂ ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದೆ. ಸತ್ಯ ಬರೆಯುತ್ತಿದ್ದೇನೆ ಎಂದುಕೊಂಡೆ. ಮುಂದೆ ಯಾರಾದರೂ ವಿಚಾರಿಸುತ್ತಾರೆ ಎಂದುಕೊಂಡೆ. ಪ್ರತಿ ಅರ್ಜಿಯ ಕೊನೆಗೆ 'ಅರ್ಜಿದಾರರಿಗೆ ಓದಿ ಹೇಳಲಾಗಿದೆ' ಎಂಬ ಸಾಲಿನ ಕೆಳಗೆ ನನ್ನ ಸಹಿ ಮಾಡಿದೆ. ಒಂದನ್ನೂ ಓದಿ ಹೇಳಿರಲಿಲ್ಲ. ಬಿಸಿಲು ಬಹಳವಿತ್ತು.

ಸಂಜೆ ಮಧುಕರರಾವ್ ಅರ್ಜಿಗಳನ್ನು ತಿರುವಿ ನೋಡಿದರು. ಶಿಕ್ಷಕಿಯಾದ್ದರಿಂದ ನನ್ನನ್ನು ಅವರು ಮರಾಠಿ ರೂಢಿಯಂತೆ ಬಾಯಿ ಎನ್ನುತ್ತಿದ್ದರು. "ಬಾಯಿ, ಏನು ಅಕ್ಷರ. ಒಂದು ಕಡೆಯೂ ಹೊಡೆದು ಹಾಕಿಲ್ಲ," ಎಂದರು. ಆ ಮಾತು ನನಗೆ ಎರಡು ದಿನ ಖುಷಿ ಕೊಟ್ಟಿತು.

*

ದೀಪಾವಳಿ ಮುಗಿದ ಮೇಲೆ ಕೆಲಸ ಶುರುವಾಯಿತು. ಗಣಿಯ ಅಂಚಿಗೆ ನಾಲ್ಕು ಅಚ್ಚಿನ ಯಂತ್ರ ಬಂದವು. ಕರೆಂಟು ಬೇಡ. ಪೆಟ್ಟಿಗೆಯಲ್ಲಿ ಕಲಸಿದ ಮಣ್ಣು ತುಂಬಿ, ಮುಚ್ಚಿ, ಉದ್ದನೆಯ ಕಬ್ಬಿಣದ ಹಿಡಿಯನ್ನು ಇಬ್ಬರು ಜೋತು ಬಿದ್ದು ಎಳೆದರೆ ಒಂದು ಬ್ಲಾಕ್ ಹೊರಬರುತ್ತಿತ್ತು. ಯಮನವ್ವನ ಜೊತೆ ಹಿಡಿ ಎಳೆಯುತ್ತಿದ್ದವಳು ಮಾಯಾ. ಲಾತೂರ ಕಡೆಯ ಮರಾಠಿ ಹೆಂಗಸು, ಮೊದಲು ಇವರ ಪಕ್ಕದ ಗುಡಿಸಲಿನವಳು. ಇವಳಿಗೆ ಅವಳ ಭಾಷೆ ಅರ್ಧ, ಅವಳಿಗೆ ಇವಳದು ಕಾಲು. ಜಗಳಕ್ಕೂ ನಗುವಿಗೂ ಅಷ್ಟು ಸಾಕಾಗುತ್ತಿತ್ತು.

"ಬೆಲ್ಲದ ಅಚ್ಚ ಆಗ್ಯಾವ ನೋಡ್ರಿ ಅಕ್ಕೋರ," ಎಂದಿದ್ದಳು ಯಮನವ್ವ ಮೊದಲ ದಿನ. "ನೆಕ್ಕಗಿಕ್ಕೀರಿ ಮತ್ತ."

ಮೊದಲ ವಾರದ ಬ್ಲಾಕುಗಳು ಒಣಗುವಾಗ ಬಿರುಕು ಬಿಟ್ಟವು. ಎಂಜಿನಿಯರ್ ತಲೆಯ ಮೇಲೆ ಕೈ ಇಟ್ಟುಕೊಂಡು ಕುಳಿತರು. ಅಂಬಾರಾಯ ಕಲಸಿದ ಮಣ್ಣನ್ನು ಮುಷ್ಟಿಯಲ್ಲಿ ಉಂಡೆ ಕಟ್ಟಿ ಎದೆಯ ಎತ್ತರದಿಂದ ನೆಲಕ್ಕೆ ಬಿಟ್ಟ. ಉಂಡೆ ಒಡೆಯದೆ ಚಪ್ಪಟೆಯಾಯಿತು.

"ನೀರು ಹೆಚ್ಚಾಗ್ಯಾವ ಸಾಹೇಬ. ಉಂಡಿ ನಾಕೈದು ಹೋಳಾಗಬೇಕು. ಕಲ್ಲಪುಡಿ ಇನ್ನೊಂದು ಬುಟ್ಟಿ ಹಾಕ್ರಿ."

ಹಾಕಿದರು. ಮತ್ತೆ ಬಿರುಕು ಬರಲಿಲ್ಲ. ಆಮೇಲೆ ಕೆಲಸ ನೋಡಲು ದಿಲ್ಲಿಯಿಂದ ಬಂದ ಅಧಿಕಾರಿಗಳು ಗೋಡೆಗೆ ಅಂಗೈ ಹಚ್ಚಿ, ಎಷ್ಟು ತಂಪು ಎಂದು ಬೆರಗಾದರು. ಅಂಬಾರಾಯನ ಕೈಯ ಫೋಟೋ ತೆಗೆದರು. ಬರೀ ಕೈಯದು.

ಅರವತ್ತು ದಿನಕ್ಕೆ ಯಾರೂ ನಿಲ್ಲಿಸಲಿಲ್ಲ. ಒತ್ತಿದ ಬ್ಲಾಕುಗಳ ಮೇಲೆ ಗೋಣಿಚೀಲ ಹೊದಿಸಿ ಮೂರು ವಾರ ನೀರು ಹೊಡೆಯಬೇಕು. ಟ್ಯಾಂಕರ್ ದಿನಕ್ಕೆ ಒಂದೇ ಬರುತ್ತಿತ್ತು. ತಾಡಪತ್ರಿ ಡೇರೆಗಳಲ್ಲಿದ್ದ ಆ ಜನ ತಮ್ಮ ಸ್ನಾನದ ನೀರನ್ನು ಬ್ಲಾಕಿಗೆ ಹೊಡೆದರು. ಮರಾಠಿಯವರ ಮನೆ, ಕನ್ನಡದವರ ಮನೆ ಎಂದು ಯಾರೂ ನೋಡಲಿಲ್ಲ. ನಾನು ವಾರಕ್ಕೆರಡು ಸಲ ಹೋಗಿ ಹಾಜರಿ ಬರೆಯುತ್ತಿದ್ದೆ. ಹೋದಾಗಲೆಲ್ಲ ಯಾರೋ ಒಬ್ಬರು ನೆರಳಿರುವ ಕಡೆ ಒಂದು ಬ್ಲಾಕ್ ಸರಿಸಿ ಕೊಡುತ್ತಿದ್ದರು. ಕೂಡ್ರಿ ಅಕ್ಕೋರ ಎನ್ನುತ್ತಿದ್ದರು.

ಒಂದು ಮಾತು ನಾನು ಗಮನಿಸಿದ್ದೆ, ಕೇಳಲಿಲ್ಲ. ರಸ್ತೆಯ ಕಡೆಯ ಜಾಗದಲ್ಲಿ ಮನೆಗಳ ಪಾಯ ಬೀಳಲಿಲ್ಲ. ಅಲ್ಲಿ ಕಾಂಕ್ರೀಟಿನ ಅಂಗಡಿ ಸಾಲು ಏಳುತ್ತಿತ್ತು.

*

ಮೇ ತಿಂಗಳಲ್ಲಿ ನೀರಿನ ಟಾಕಿಯ ಗೋಡೆಗೆ ಪಟ್ಟಿ ಅಂಟಿಸಿದರು. ಮರುದಿನ ಬೆಳಿಗ್ಗೆ ಯಮನವ್ವ ನಮ್ಮ ಮನೆಗೆ ಬಂದಳು. ಒಳಗೆ ಬಾ ಎಂದರೆ ಕಾಲು ಮಣ್ಣಾಗ್ಯಾವ ಎಂದು ಬಾಗಿಲಲ್ಲೇ ನಿಂತಳು.

"ಪಟ್ಟಿ ಹಚ್ಯಾರರಿ. ಮಾಯಾಂದು ಬಂದದ. ನಮ್ಮ ಹೆಸರ ಹಿಂದಿನ ಹಾಳ್ಯಾಗ ಇರ್ತದೇನ್ರಿ? ಗೋಡಿಗಿ ಹಚ್ಚಿದ್ದು ತಗದು ನೋಡಾಕ ಬರಂಗಿಲ್ಲ."

ಅವಳ ಜೊತೆ ಹೋಗಿ ನೋಡಿದೆ. ನೂರಾ ಇಪ್ಪತ್ತು ಹೆಸರು. ಮೂರು ಸಲ ಓದಿದೆ. ನಲವತ್ತೊಂದು ಹೆಸರಿಲ್ಲ. ನಲವತ್ತೊಂದೂ ನನ್ನ ಮೇಜಿನವು.

ಮಾಯಾ ನಲ್ಲಿಯ ಹತ್ತಿರ ನನ್ನನ್ನು ಪಕ್ಕಕ್ಕೆ ಕರೆದಳು. ಮರಾಠಿಯಲ್ಲಿ ಮೆಲ್ಲಗೆ ಕೇಳಿದಳು. "ಬಾಯಿ, ಹದಿನಾಲ್ಕರಲ್ಲಿ ಏನು ಬರೆದಿರಿ?"

"ಅವರು ಹೇಳಿದ್ದು."

"ನಾವೂ ಇದೆ ಅಂತಲೇ ಹೇಳಲಿಕ್ಕೆ ಹೋಗಿದ್ದೆವು. ಆ ಹುಡುಗಿಯರು ಬಿಡಲಿಲ್ಲ. ಮಾವಶಿ, ಇಲ್ಲ ಅನ್ನಿ, ಇದೆ ಅಂದರೆ ಮನೆ ಹೋಗುತ್ತದೆ ಅಂದರು. ನಾವೆಲ್ಲ ಇಲ್ಲ ಅಂದೆವು. ನಿಮ್ಮ ಮೇಜಿನಲ್ಲಿ ಯಾರೂ ಹೇಳಲಿಲ್ಲವಾ?"

ಹೇಳಬೇಕಾದವಳು ನಾನೇ ಆಗಿದ್ದೆ.

ಯಮನವ್ವನಿಗೆ ಆಫೀಸಿನಲ್ಲಿ ಕೇಳಿ ಹೇಳುತ್ತೇನೆ ಎಂದೆ. ಎಂಟು ದಿನ ಆ ಕಡೆ ಹೋಗಲಿಲ್ಲ. ಕಾಲು ನೋವು ಎಂದು ಮನೆಯಲ್ಲೇ ಕುಳಿತೆ. ನಮ್ಮ ಯಜಮಾನರು ಹೇಳಿದರು: "ಸಹಿ ನಿನ್ನದದ. ಕೈ ಹಾಕಿದ್ರ ನಿನಗೇ ಬರ್ತದ. ಟ್ರಸ್ಟಿನವರು ನೋಡ್ಕೋತಾರ ಬಿಡು." ಅವರ ಮಾತು ನನಗೆ ಬೇಕಾದ ಹಾಗೆಯೇ ಇತ್ತು.

ಒಂಬತ್ತನೆಯ ದಿನ ಯಮನವ್ವನೇ ಬಂದಳು. ಕೈಯಲ್ಲಿ ಎಕ್ಕೆ ಎಲೆಗಳ ಒಂದು ಕಟ್ಟು.

"ಕಾಲು ನೋವಂತಲ್ರಿ. ಬಿಸಿ ಮಾಡಿ ಕಟ್ಟಕೋರಿ." ಆಮೇಲೆ ನನ್ನ ಮುಖ ನೋಡಿ ಅಂದಳು: "ಭಾಳ ಸೊರಗೀರಿ. ನಮ್ಮ ಚಿಂತಿ ನೀವ್ಯಾಕ ಹಚಗೋತೀರಿ ಅಕ್ಕೋರ."

ಆ ಎಲೆಗಳನ್ನು ಕಾಲಿಗೆ ಕಟ್ಟಿಕೊಳ್ಳಲು ನನ್ನಿಂದಾಗಲಿಲ್ಲ. ಅದೇ ಮಧ್ಯಾಹ್ನ ಟ್ರಸ್ಟಿನ ಆಫೀಸಿಗೆ ಹೋದೆ.

ಮಧುಕರರಾವ್ ಎದ್ದು ನಿಂತು ಕುರ್ಚಿ ಕೊಟ್ಟರು. ಚಹಾ ತರಿಸಿದರು. ಕೆಟ್ಟ ಮಾತು ಆಡುವ ಮನುಷ್ಯರಲ್ಲ ಅವರು.

"ಎಲ್ಲರೂ ಇದೆ ಅಂತ ನೀವೇ ಬರೆದಿದ್ದೀರಿ ಬಾಯಿ."

"ಆ ಮನೆಗಳು ಬಿದ್ದು ಹೋಗಿವೆ. ಹಾಗೆ ಹೇಳುವುದು ಅವರ ಪದ್ಧತಿ. ನಾನು ಬಿಡಿಸಿ ಕೇಳಬೇಕಿತ್ತು. ತಪ್ಪು ನನ್ನದು."

"ಪದ್ಧತಿಗೆ ಅರ್ಜಿಯಲ್ಲಿ ಜಾಗವಿಲ್ಲ."

"ಆ ಇನ್ನೊಂದು ಮೇಜಿನವರಿಗೂ ಊರಲ್ಲಿ ಗೋಡೆಗಳಿವೆ."

"ಅವರು ಇಲ್ಲ ಅಂದಿದ್ದಾರೆ. ನನಗೆ ಕಾಗದ ಮುಖ್ಯ."

"ಮೊದಲಿಗೆ ನೂರಾ ಅರವತ್ತೊಂದು ಮನೆ ಅಂದಿದ್ದಿರಿ. ಕಟ್ಟಿದ್ದು ನೂರಾ ಇಪ್ಪತ್ತು. ಅಂಗಡಿಗಳು ಎದ್ದವಲ್ಲ, ಅಲ್ಲಿ ಬರಬೇಕಾದ ಮನೆಗಳು ಎಷ್ಟು?"

ಅವರು ಚಹಾ ಕಪ್ಪನ್ನು ಬಸಿಯ ಮೇಲೆ ಇಟ್ಟರು.

"ಯೋಜನೆ ನಡೆಯಲು ಅಂಗಡಿಗಳ ದುಡ್ಡು ಬೇಕಲ್ಲ ಬಾಯಿ. ಯಾರನ್ನಾದರೂ ಬಿಡಲೇಬೇಕಿತ್ತು. ನಿಮ್ಮ ಅರ್ಜಿಗಳು ಸ್ವಚ್ಛವಾಗಿದ್ದವು. ಕೈಯಲ್ಲಿ ಕಾರಣ ಇತ್ತು."

ಆಮೇಲೆ ಒಂದು ದಾರಿ ಹೇಳಿದರು. ಊರಲ್ಲಿ ಮನೆ ಇಲ್ಲ, ಹಿಂದೆ ಹೇಳಿದ್ದು ಸುಳ್ಳು ಎಂದು ನಲವತ್ತೊಂದು ಜನ ಬರೆದು ಹೆಬ್ಬೆಟ್ಟು ಒತ್ತಿಕೊಟ್ಟರೆ ಮುಂದಿನ ಹಂತದಲ್ಲಿ ನೋಡಬಹುದು. ಮುಂದಿನ ಹಂತಕ್ಕೆ ಜಾಗ ಎಲ್ಲಿದೆ ಎಂದು ಕೇಳಿದೆ. ನೋಡೋಣ ಎಂದರು. ಟೈಪ್ ಮಾಡಿದ ನಲವತ್ತೊಂದು ಹಾಳೆಗಳನ್ನು ಕವರಿನಲ್ಲಿ ಹಾಕಿ ನನ್ನ ಕೈಗೇ ಕೊಟ್ಟರು.

*

ಡೇರೆಗಳ ಮುಂದೆ ಎಲ್ಲರನ್ನೂ ಕೂರಿಸಿಕೊಂಡು ಹೇಳಿದೆ. ನಿಯಮ ಹೇಳಿದೆ, ನನ್ನ ಸಹಿಯ ಮಾತು ಹೇಳಿದೆ, ಅಂಗಡಿಗಳ ಮಾತನ್ನೂ ಹೇಳಿದೆ. ಮುಗಿದ ಮೇಲೆ ಯಮನವ್ವ ಕೇಳಿದಳು.

"ನಮ್ಮ ಕಡಿ ಇಲ್ಲ ಅನ್ನಂಗಿಲ್ಲ ಅಂತ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಅದ ಅಂದ್ರ ಮನಿ ಹೋಗ್ತದಂತ?"

"ಅದೂ ಗೊತ್ತಿತ್ತು."

"ಗೊತ್ತಿದ್ದೂ ಬರದ್ರಿ."

"ಬರದೆ."

ಅವಳು ಎದ್ದು ಹೋದಳು. ಬಯ್ಯುತ್ತಾಳೆ ಎಂದು ಕಾದೆ. ಬಯ್ದಿದ್ದರೆ ಚೆನ್ನಾಗಿತ್ತು. ಅವಳು ಒಂದು ತಂಬಿಗೆ ನೀರು ತಂದು ನನ್ನ ಮುಂದೆ ಇಟ್ಟಳು. "ಬಿಸಲಾಗ ಬಂದೀರಿ, ಕುಡೀರಿ," ಎಂದಳು. ಅಕ್ಕೋರ ಎನ್ನಲಿಲ್ಲ.

ಅಂಬಾರಾಯ ಒಂದು ಹಾಳೆ ತೆಗೆದುಕೊಂಡು ಮೇಲೆ ಕೆಳಗೆ ನೋಡಿದ. "ಅಂದ್ರ ನಾವು ಸುಳ್ಳರಂತ ನಾವೇ ಬರಕೊಡಬೇಕು. ಬರಕೊಟ್ಟ ಮ್ಯಾಗ ಸುಳ್ಳರಿಗೆ ಮನಿ ಯಾಕ ಕೊಡ್ತಾರ?"

ನನ್ನ ಕಾಲೇಜು ಓದಿಗೆ ಹೊಳೆಯದ್ದು ಅವನಿಗೆ ಒಂದು ನಿಮಿಷದಲ್ಲಿ ಹೊಳೆಯಿತು.

*

ಬೀಗದ ಕೈ ಹಂಚುವ ದಿನ ಬೆಳಿಗ್ಗೆ ಟ್ರಸ್ಟಿನಿಂದ ನನಗೆ ಜೀಪು ಬಂತು. ಕನ್ನಡದವರು ಮನೆಗಳಲ್ಲಿ ಹೋಗಿ ಕೂತಿದ್ದಾರೆ, ಬಂದು ಹೇಳಬೇಕಂತೆ ಎಂದ ಡ್ರೈವರ್.

ಗಣಿಯ ಬದಿಯ ಕೊನೆಯ ಎರಡು ಸಾಲಿನ ಮನೆಗಳವು. ಅವುಗಳ ಬೀಗದ ಕೈ ಇನ್ನೂ ಯಾರಿಗೂ ಕೊಟ್ಟಿರಲಿಲ್ಲ. ನಲವತ್ತೊಂದು ಕುಟುಂಬಗಳು ನಲವತ್ತೊಂದು ಹೊಸ್ತಿಲ ಮೇಲೆ ಕುಳಿತಿದ್ದವು. ಕೂಗಾಟವಿಲ್ಲ. ಹಿಂದೆ ಪಾತ್ರೆ, ಹಾಸಿಗೆ, ಮುಂದೆ ಹೆಂಗಸರು. ದಾರಿಯಲ್ಲಿ ಹತ್ತು ಜನ ಪೊಲೀಸರು ನಿಂತಿದ್ದರು. ಈಚೆಗೆ ಪೆಂಡಾಲಿನ ಕೆಳಗೆ ಮಾಯಾ ಮತ್ತು ಉಳಿದ ಮರಾಠಿಯವರು, ಆಗಲೇ ಸಿಕ್ಕ ಬೀಗದ ಕೈಗಳನ್ನು ಹಿಡಿದುಕೊಂಡು ಈ ಕಡೆ ನೋಡುತ್ತಿದ್ದರು.

ಮಧುಕರರಾವ್ ಮೊದಲನೆಯ ಮನೆಯ ಮುಂದೆ ನಿಂತಿದ್ದರು. ಅಲ್ಲಿ ಶಿವಗಂಗವ್ವ ಕುಳಿತಿದ್ದಳು. ಪಕ್ಕದಲ್ಲಿ ಯಮನವ್ವ.

"ಹೇಳಿ ಬಾಯಿ ಇವರಿಗೆ. ಊರಲ್ಲಿ ಮನೆ ಇಲ್ಲ ಅಂತ ಆ ಕಾಗದಕ್ಕೆ ಹೆಬ್ಬೆಟ್ಟು ಒತ್ತಲಿ. ಎದ್ದು ಹೋಗಲಿ. ಮುಂದೆ ನಾನು ನೋಡುತ್ತೇನೆ."

ನಾನು ಹೇಳಿದೆ. ಒಂದು ಶಬ್ದ ಬಿಡದೆ ಹೇಳಿದೆ.

ಶಿವಗಂಗವ್ವ ಬಾಯಿಯ ಎಲೆಯಡಿಕೆಯನ್ನು ಒಂದು ಕೆನ್ನೆಗೆ ಸರಿಸಿದಳು.

"ಇಲ್ಲ ಅನ್ನಬೇಕಂತ? ಲಾತೂರ ಭೂಕಂಪದಾಗ ಮಾಳಿಗಿ ಬಿತ್ತು. ನನ್ನ ಗಂಡ ಅದರ ಬುಡಕ ಸತ್ತ. ಆ ಮನಿ ಇಲ್ಲ ಅಂದ್ರ ಅಂವ ಎಲ್ಲಿ ಸತ್ತಂಗಾತು? ಮನಿ ಅದ. ಮಾಳಿಗಿ ಇಲ್ಲ, ಗ್ವಾಡಿ ಇಲ್ಲ, ಮನಿ ಅದ. ಇದೂ ಅದ. ನನ್ನ ಸೊಸಿ ಒತ್ತಿದ್ದು, ನನ್ನ ಮಗ ಕಟ್ಟಿದ್ದು. ಎರಡೂ ನಮ್ಮವಂತ ಬರಕೋ ಅನ್ನು."

ಅದನ್ನು ಮರಾಠಿಯಲ್ಲಿ ಹೇಳಿದೆ. ಮಧುಕರರಾವ್ ಹಣೆ ಒರೆಸಿಕೊಂಡರು.

"ಸಾಹೇಬರಿಗೆ ಊರಾಗ ಮನಿ ಅದ ಏನು ಕೇಳು," ಎಂದಳು ಮುದುಕಿ.

ಕೇಳಿದೆ.

"ಇದೆ, ಸಾತಾರ ಕಡೆ. ಅದಕ್ಕೂ ಇದಕ್ಕೂ ಏನು ಸಂಬಂಧ?"

ಅದನ್ನೂ ಕನ್ನಡದಲ್ಲಿ ಹೇಳಿದೆ. ಹೊಸ್ತಿಲುಗಳ ಉದ್ದಕ್ಕೂ ಒಂದು ನಗು ಓಡಿತು.

"ಮತ್ತ ನಿನಗವಾ?" ಮುದುಕಿ ನನ್ನನ್ನೇ ನೋಡಿದಳು.

"ಅದರಿ. ಧಾರವಾಡದಾಗ ಒಂದು. ಇಲ್ಲಿ ನಿಗಡಿದಾಗ ಒಂದು."

"ಯಾರರೇ ಬಂದು ಒಂದು ಬಿಡು ಅಂದಾರೇನು?"

"ಇಲ್ಲ."

"ಏನು ಅನ್ನುತ್ತಾಳೆ?" ಮಧುಕರರಾವ್ ಕೇಳಿದರು.

ಯಾವಾಗಲೂ ತರಗತಿಯ ಕೊನೆಯ ಬೆಂಚಿಗೆ ಕೇಳುವಂತೆ ಮಾತಾಡಿದವಳು ನಾನು. ಆ ಎಂಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಈಗ ಪೆಂಡಾಲಿನವರೆಗೆ ಕೇಳುವ ಹಾಗೆ ಮರಾಠಿಯಲ್ಲಿ ಹೇಳಿದೆ: ನನಗೆ ಎರಡು ಮನೆಗಳಿವೆ, ಯಾರೂ ನನ್ನನ್ನು ಒಂದು ಬಿಡು ಎಂದಿಲ್ಲ. ಇವರ ಬಿದ್ದ ಮನೆಗಳನ್ನು ಮನೆ ಎಂದು ಬರೆದವಳು ನಾನು. ಓದಿ ಹೇಳದೆ ಓದಿ ಹೇಳಿದೆ ಎಂದು ಸಹಿ ಮಾಡಿದವಳು ನಾನು. ಸುಳ್ಳು ಹೇಳಿದ್ದು ಇವರಲ್ಲ. ಹೆಬ್ಬೆಟ್ಟು ಬೇಕಾದರೆ ನನ್ನದು ತೆಗೆದುಕೊಳ್ಳಿ.

"ಅದರಿಂದ ಪಟ್ಟಿ ಬದಲಾಗುವುದಿಲ್ಲ ಬಾಯಿ," ಎಂದರು ಅವರು ಮೆಲ್ಲಗೆ. ಪೊಲೀಸರ ಕಡೆ ತಿರುಗಿದರು.

ಆಗ ಮಾಯಾ ಪೆಂಡಾಲಿನಿಂದ ಎದ್ದು ಬಂದಳು. ಯಂತ್ರದ ಹಿಡಿ ಎಳೆದು ಗಟ್ಟಿಯಾದ ಕೈ, ಅದರಲ್ಲಿ ಹೊಸ ಬೀಗದ ಕೈ. ಮಧುಕರರಾವ್ ಮುಂದೆ ನಿಂತು ಹೇಳಿದಳು.

"ಸಾಹೇಬ, ಮಾಝಂ ಪಣ ಗಾವಾಲಾ ಘರ ಆಹೇ." ನನಗೂ ಊರಲ್ಲಿ ಮನೆ ಇದೆ.

"ಹುಚ್ಚು ಹಿಡಿದಿದೆಯೇ? ನಿಮ್ಮ ಅರ್ಜಿಯಲ್ಲಿ ಇಲ್ಲ ಅಂತಿದೆ."

"ಅಲ್ಲಿ ಹೆದರಿ ಇಲ್ಲ ಅಂದೆ. ಭೂಕಂಪದಲ್ಲಿ ನಮ್ಮದೂ ಬಿತ್ತು. ಬಿದ್ದರೂ ನಮ್ಮದೇ. ಇವರ ಹೆಸರು ಹೊಡೆದರೆ ನನ್ನದನ್ನೂ ಹೊಡೆಯಿರಿ."

"ಮನೆ ನಂಬರು?"

"ಐವತ್ತೇಳು."

ಮಧುಕರರಾವ್ ಜೇಬಿನಿಂದ ಪೆನ್ನು ತೆಗೆದರು. ಬರೆಯುತ್ತಾರೆಯೋ ಇಲ್ಲವೋ ಎಂದು ಎಲ್ಲರೂ ನೋಡಿದೆವು. ಬರೆದರು. ಅವಳ ಗಂಡ ದತ್ತು ಹಿಂದಿನಿಂದ ಓಡಿ ಬಂದ. ತಡೆಯಲು ಬಂದ ಎಂದುಕೊಂಡೆ. ಅವನು ಹೆಂಡತಿಯ ಪಕ್ಕದಲ್ಲಿ ತನ್ನ ಚಪ್ಪಲಿ ನೋಡುತ್ತ ನಿಂತ. ಪೆಂಡಾಲಿನಲ್ಲಿ ಒಬ್ಬ ಮುದುಕ ಎದ್ದ. "ತೊಂಬತ್ತೆರಡು. ನಮ್ಮದೂ ಇದೆ, ಬೀಡ ಜಿಲ್ಲೆಯಲ್ಲಿ," ಎಂದ. ಅವನ ಹಿಂದೆ ಇನ್ನೊಬ್ಬಳು ತನ್ನ ನಂಬರು ಹೇಳಿದಳು. ಆಮೇಲೆ ನಂಬರುಗಳು ಒಂದರ ಮೇಲೊಂದು ಬಂದವು. ಮಧುಕರರಾವ್ ಅವರ ಪೆನ್ನು ನಿಂತಿತು.

ಮಾಯಾ ಒಂದು ಮನೆಯನ್ನು ಕಳೆದುಕೊಳ್ಳಲು ಸಿದ್ಧಳಾಗಿ ಬಂದಿದ್ದಳು. ಅವಳಿಗಿದ್ದದ್ದು ಅದೊಂದೇ. ನನಗೆ ಎರಡಿದ್ದವು, ಒಂದು ಸಹಿಯ ಮಾನ ಕಳೆದುಕೊಳ್ಳಲು ಎಂಟು ದಿನ ಹಿಡಿದಿತ್ತು.

ನಾನು ಯಮನವ್ವನ ಕಡೆ ನೋಡಿದೆ. ಅವಳು ನನ್ನನ್ನು ನೋಡಲಿಲ್ಲ. ಹೊಸ್ತಿಲ ಮೇಲೆ ಸ್ವಲ್ಪ ಆಚೆ ಸರಿದು, ಮಾಯಾಳಿಗೆ ಕೂರಲು ಜಾಗ ಮಾಡುತ್ತಿದ್ದಳು.